ಸೊಂಟದೆತ್ತರದ ಒಲೆ

ಒಲೆ ಎಲ್ಲಿಗೆ ಬರಬೇಕು, ಎಷ್ಟು ಬಾಯಿ, ನೆಲಕ್ಕೇ ಕೂರಿಸುವುದೋ ಕಟ್ಟೆ ಎತ್ತುವುದೋ ಎಂದು ಗಾರೆ ಕೆಲಸದ ಗಯಾಸುದ್ದೀನ್ ಕೇಳಿದ್ದು ಪಟೇಲ ಪುಟ್ಟಮಲ್ಲಪ್ಪನವರನ್ನು. ಕೇಳಬೇಕಾದದ್ದೂ ಅವರನ್ನೇ ಅನ್ನಿ. ಹುಣಸೂರಿನಿಂದ ಅವನನ್ನು ಗೊತ್ತುಮಾಡಿ ಕರೆಸಿದವರು ಅವರು. ಮಳೆಗಾಲದಲ್ಲಿ ಕುಸಿದುಬಿದ್ದ ಅಡುಗೆಮನೆಗೆ ಈ ಸಲ ಸುಟ್ಟ ಇಟ್ಟಿಗೆ, ಮಂಗಳೂರು ಹೆಂಚು ಎಂದು ಪಿರಿಯಾಪಟ್ಟಣದ ಸಂತೆಯವರೆಗೂ ಹೇಳಿಕೊಂಡು ತಿರುಗಿದವರೂ ಅವರು. ಆ ಅಡುಗೆಮನೆಯ ಹೊಸ್ತಿಲು ದಾಟಿ ಅವರು ಒಳಗೆ ಬಂದದ್ದು ಯಾವಾಗ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಅವರ ಹೆಂಡತಿ ಸೋಮಮ್ಮ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತಿತ್ತು. ಊಟದ ಹೊತ್ತಿಗೆ ನಡುಮನೆಯಲ್ಲಿ ತಟ್ಟೆಯ ಮುಂದೆ ಕೂರುವವರಿಗೆ ಒಲೆಯ ಮುಖ ಯಾವ ಕಡೆಗಿದ್ದರೇನು? ಆದರೂ ಪಟೇಲರು ಜಗಲಿಯ ಕಂಬಕ್ಕೆ ಒರಗಿ, ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು, ಕಂದಾಯದ ವಿಷಯ ಹೇಳುವ ಗತ್ತಿನಲ್ಲೇ ಹೇಳಿದರು: "ಅದೇನ್ ಕೇಳ್ತೀರಿ ಸಾಬ್ರೇ. ಮೊದ್ಲು ಎಂಗಿತ್ತೋ ಅಂಗೇ. ನೆಲಕ್ಕೊಂದು ಒಲೆ, ಮಗ್ಗುಲಿಗೊಂದು ಕೋಡೊಲೆ. ಆಯ್ತಲ್ಲ."

"ಆಯ್ತು ಪಟೇಲ್ರೇ. ಇವತ್ತೇ ಎದ್ದುಬಿಡ್ಲಿ ಅಂತ ಕೇಳ್ದೆ. ನಾಳೆಯಿಂದ ನಂಗೆ ರಾವಂದೂರಲ್ಲಿ ಕೆಲ್ಸ ಐತೆ" ಎಂದ ಗಯಾಸುದ್ದೀನ್. ಅವನ ಕೈಗೆ ಮೊಣಕೈವರೆಗೂ ಸುಣ್ಣ ಮೆತ್ತಿತ್ತು. ಅವನಿಗೆ ಬೇಕಾದದ್ದು ಒಂದು ಮಾತು, ಯಾರದ್ದಾದರೂ ಸರಿ.

ನಡುಮನೆಯ ಬಾಗಿಲ ಹಿಂದೆ ನಿಂತಿದ್ದ ಸೋಮಮ್ಮನಿಗೆ ತಾನು ಬಾಯಿಬಿಟ್ಟದ್ದು ಗೊತ್ತಾದದ್ದು ಜಗಲಿಯಲ್ಲಿ ಎಲ್ಲರೂ ತಿರುಗಿ ನೋಡಿದ ಮೇಲೆ. ಅವಳು ಹೇಳಿದ್ದು ಇಷ್ಟೇ: "ನೆಲಕ್ಕೆ ಬ್ಯಾಡ. ನಿಂತ್ಕಂಡು ಬೇಯ್ಸೋ ಒಲೆ ಕಟ್ಲಿ. ಕಿಟಕಿ ತಾವ, ಸಾಲಾಗಿ ಮೂರು ಬಾಯಿ." ಎಷ್ಟೋ ದಿನದಿಂದ ಒಳಗೊಳಗೇ ಹೇಳಿ ನೋಡಿಕೊಂಡಿದ್ದ ಮಾತು ಹೊರಗೆ ಬಂದಾಗ ಬಹಳ ಸಣ್ಣದಾಗಿ ಕೇಳಿಸಿತು, ಉಪ್ಪು ತನ್ನಿ ಎಂದಷ್ಟೇ ಸಣ್ಣದಾಗಿ. ಜಗಲಿಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ ಚಿಕ್ಕಸಿದ್ದಮ್ಮನ ಕೈ ನಿಂತಿತು. ಮಗ ದೇವರಾಜು ಕತ್ತು ಎತ್ತಿದ. ಪಟೇಲರು ಮೊದಲು ಅರ್ಥವಾಗದವರಂತೆ ನೋಡಿ, ಆಮೇಲೆ ನಕ್ಕರು. ಕೆಟ್ಟ ನಗು ಅಲ್ಲ ಅದು; ಮಗು ಏನೋ ಅಂದಾಗ ನಗುವಂಥದ್ದು. ಅದಕ್ಕೇ ಸೋಮಮ್ಮನ ಕಿವಿ ಬಿಸಿಯಾಯಿತು.

"ನಿಂತ್ಕಂಡಾ? ನಿಂತ್ಕಂಡು ಇಟ್ಟು ತೊಳಸ್ತೀಯಾ?"

ದೇವರಾಜುವೂ ನಕ್ಕ. ಗಯಾಸುದ್ದೀನ್ ಕೂಡ ಗಡ್ಡದೊಳಗೇ ಸ್ವಲ್ಪ ನಕ್ಕನೇನೋ. ನಗುವಂಥದ್ದೇ ಆಗಿತ್ತು. ಆ ಸೀಮೆಯಲ್ಲಿ ಇಟ್ಟು ಎಂದರೆ ರಾಗಿಮುದ್ದೆ; ಅದನ್ನು ತೊಳಸುವುದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹುಡುಗಿಯರು ನೋಡಿ ನೋಡಿ ಕಲಿಯುತ್ತಾರೆ. ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಬೆಂದ ಮೇಲೆ ಮಡಕೆಯನ್ನು ಕೆಳಗಿಳಿಸಿ, ಅದರ ಕತ್ತಿಗೆ ಕವೆಗೋಲು ಸಿಕ್ಕಿಸಿ, ಕವೆಗೋಲನ್ನು ಎರಡು ಪಾದದಡಿ ಮೆಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು, ಎರಡು ಕೈಯಲ್ಲೂ ಮುದ್ದೆಕೋಲು ಹಿಡಿದು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ತಿರುವಬೇಕು. ಪಾದ ಸಡಿಲವಾದರೆ ಮಡಕೆ ತಿರುಗುತ್ತದೆ. ಮಡಕೆ ತಿರುಗಿದರೆ ಹಿಟ್ಟು ಗಂಟಾಗುತ್ತದೆ. ಗಂಟಾದ ಮುದ್ದೆಯನ್ನು ನುಂಗಲು ಆಗುವುದಿಲ್ಲ. ಮುದ್ದೆಯನ್ನು ಅಗಿದು ತಿನ್ನುವವರನ್ನು ಆ ಕಡೆಯವರು ಹೇಗೆ ನೋಡುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಇದೆಲ್ಲ ಪಟೇಲರಿಗಿಂತ ಸೋಮಮ್ಮನಿಗೇ ಚೆನ್ನಾಗಿ ಗೊತ್ತಿತ್ತು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ದಿನಕ್ಕೆರಡು ಹೊತ್ತು, ಮನೆಯವರಿಗೆ, ಆಳುಗಳಿಗೆ, ಬಂದುಹೋಗುವವರಿಗೆ ತೊಳಸಿದವಳು ಅವಳು. ಅವಳ ಮುದ್ದೆಗೆ ಹೆಸರಿತ್ತು. ಪಟೇಲರ ಮನೇಲಿ ಇಟ್ಟು ಬೆಣ್ಣೆ ಕಣ್ಲಾ ಎಂದು ಆಳುಗಳು ಹೇಳುವುದನ್ನು ಕೇಳಿ ಅವಳು ಹಿಗ್ಗಿದ್ದೂ ಉಂಟು. ಈಗ ಅದನ್ನು ನೆನೆದರೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಕೊನೆಯ ಹೆರಿಗೆಯ ಮೇಲೆ, ಮಗುವನ್ನು ಹೊತ್ತಿದ್ದ ಅವಳ ಒಳಗಿನದು ಕೆಳಕ್ಕೆ ಜಾರಿತ್ತು. ಹಾಗೆಂದು ಅವಳು ಯಾರಿಗೂ ಹೇಳಿದವಳಲ್ಲ. ಹೇಳಲು ಅದಕ್ಕೊಂದು ಹೆಸರೂ ಅವಳ ಬಳಿ ಇರಲಿಲ್ಲ. ಮಗು ಉಳಿಯಲಿಲ್ಲ, ಹೆರಿಗೆಯ ನೀರು ಹಾಕಿಸಿಕೊಂಡ ಕೆಲವೇ ದಿನಕ್ಕೆ ಒಲೆಯ ಮುಂದೆ ಕೂತು ಮುದ್ದೆಕೋಲು ಹಿಡಿದಳು, ಮಗು ಇಲ್ಲದವಳಿಗೆ ಬಾಣಂತನವೇನು ಎಂದು ಯಾರೂ ಅನ್ನದಿದ್ದರೂ ಎಲ್ಲರೂ ಹಾಗೇ ನಡೆದುಕೊಂಡಿದ್ದರು. ಆವತ್ತು ಕೋಲಿನ ಮೇಲೆ ಭಾರ ಬಿಟ್ಟಾಗ ಒಳಗೆ ಏನೋ ಕಳಚಿದ ಹಾಗಾಯಿತು. ನೋವೇನೂ ಇರಲಿಲ್ಲ, ಭಯ ಮಾತ್ರ. ಹಿತ್ತಿಲಿಗೆ ಹೋಗಿ ಕೈಯಿಂದ ಮುಟ್ಟಿ ನೋಡಿಕೊಂಡು, ಕೈ ತೊಳೆದುಕೊಂಡು, ವಾಪಸು ಬಂದು ಮುದ್ದೆ ಕಟ್ಟಿದಳು. ಅಂದಿನಿಂದ ಹಳೇ ಸೀರೆಯ ಬಟ್ಟೆ ಮಡಿಸಿ ಕಟ್ಟಿಕೊಂಡು ತಿರುಗುವುದು, ನಿಂತು ನಡೆದಾಡುವಾಗ ಹೇಗೋ ಒಳಗೇ ನಿಲ್ಲುವುದು, ಕುಕ್ಕರಗಾಲಲ್ಲಿ ಕೂತು ಒತ್ತಿದರೆ ಸಾಕು ಮತ್ತೆ ಅದೇ. ಅವಳು ಮಧ್ಯಾಹ್ನ ಒಂದು ಗಳಿಗೆ ಮಲಗಿದರೆ ಅತ್ತೆ ಬಾಗಿಲಲ್ಲಿ ಹಾಯುವಾಗ ಬೇಕೆಂದೇ ಕೆಮ್ಮುವರು. ದೇವರ ಮುಂದೆ ಕೂತು ಲಿಂಗಪೂಜೆ ಮಾಡಿ ಏಳುವಾಗ ಅವಳಿಗೆ ಕೆಲವು ಸಲ ಬೇರೆ ಯಾವ ಬೇಡಿಕೆಯೂ ನೆನಪಿಗೆ ಬರುತ್ತಿರಲಿಲ್ಲ. ಇವತ್ತೊಂದು ದಿನ ನೆಟ್ಟಗಿರಲಿ ಅಂದುಕೊಳ್ಳುವಳು. ದೇವರಿಗೆ ಇಂಥದ್ದನ್ನು ಹೇಳಬಹುದೇ ಎಂದು ನಾಚಿಕೆಯೂ ಆಗುತ್ತಿತ್ತು.

ನಿಂತು ಬೇಯಿಸುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ತವರಿನಿಂದ ಗಾಡಿಯಲ್ಲಿ ಬರುವಾಗ ಮಡಿಕೇರಿ ರಸ್ತೆಯ ಬಂಗಲೆಯ ಹತ್ತಿರ ಪಟೇಲರು ಗಾಡಿ ನಿಲ್ಲಿಸಿದ್ದರು. ಯಾರೋ ದೊಡ್ಡ ಅಧಿಕಾರಿಯ ಕ್ಯಾಂಪು. ಬೆಣ್ಣೆ ಕೊಟ್ಟು ಬಾ ಎಂದು ಅವಳನ್ನು ಹಿಂದಿನ ಬಾಗಿಲಿಗೆ ಕಳಿಸಿದರು. ಅಲ್ಲಿ ಜಾನ್ ಪಾಷಾ ಎಂಬ ಬಟ್ಲರು ಅಡುಗೆ ಮಾಡುತ್ತಿದ್ದ. ಗೋಡೆಗೆ ಸೇರಿಸಿ ಸೊಂಟದೆತ್ತರಕ್ಕೆ ಗಾರೆಯ ಕಟ್ಟೆ, ಕಟ್ಟೆಯೊಳಗೆ ಸಾಲಾಗಿ ಬಾಯಿಗಳು, ಒಂದರ ಮೇಲೆ ಸಾರು, ಒಂದರ ಮೇಲೆ ಅನ್ನ, ಇನ್ನೊಂದರಲ್ಲಿ ಬರೀ ಕೆಂಡ. ಅವನು ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಸೌಟು ಆಡಿಸುತ್ತ, ಕಿಟಕಿಯಾಚೆ ನೋಡಿಕೊಂಡು, ಯಾವುದೋ ಹಾಡು ಗುನುಗುತ್ತಿದ್ದ. ಬೆಣ್ಣೆಯ ಕುಡಿಕೆ ಹಿಡಿದ ಸೋಮಮ್ಮನಿಗೆ ಕಾಲು ಕೀಳಲು ಮನಸ್ಸಾಗಲಿಲ್ಲ. ಅಡುಗೆ ಮಾಡುವವರು ಕಿಟಕಿಯಾಚೆ ನೋಡಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಒಲೆಯ ಮುಂದೆ ಕೂತರೆ ಕಾಣುವುದು ಬೂದಿ, ಊದುಗೊಳವೆ, ತನ್ನದೇ ಮೊಣಕಾಲು. "ಕೂತು ಮಾಡಾಕಿಲ್ವಾ ನೀವು?" ಎಂದು ಕೇಳಿಯೇಬಿಟ್ಟಿದ್ದಳು. ಜಾನ್ ಪಾಷಾ ನಕ್ಕು, "ಕೂತ್ರೆ ಬೆನ್ನು ಹೋಗ್ತದಮ್ಮಾ. ಕೆಲ್ಸ ಮಾಡೋರು ನಿಲ್ಬೇಕು" ಎಂದಿದ್ದ. ಗಾಡಿಗೆ ವಾಪಸು ಬಂದಾಗ ಪಟೇಲರು ಇಷ್ಟು ಹೊತ್ತೇಕೆಂದು ಗದರಿದರು. ಗಂಡಸು ಅಡುಗೆ ಮಾಡಿದರೆ ಅವನಿಗೆ ಬೆನ್ನಿರುತ್ತದೆ, ಕಿಟಕಿಯಿರುತ್ತದೆ ಎಂದು ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

"ಏನು, ಬಂಗಲೆ ಬಟ್ಲರ್ ಆಗ್ಬೇಕಾ ನೀನು?" ಎನ್ನುತ್ತಿದ್ದರು ಜಗಲಿಯಲ್ಲಿ ಪಟೇಲರು. ಅವರು ಸ್ವತಃ ಹೋದ ದಸರಾ ವಸ್ತುಪ್ರದರ್ಶನದಲ್ಲಿ ನಾಲ್ಕು ಬಾಯಿಯ ಕಬ್ಬಿಣದ ಒಲೆ ನೋಡಿ ಬಂದು, ಅದರ ಕಾಲು ಹೀಗೆ, ಅದರ ಮುಚ್ಚಳ ಹಾಗೆ ಎಂದು ಊರಿನವರ ಮುಂದೆ ವಾರಗಟ್ಟಲೆ ವರ್ಣಿಸಿದ್ದರು. ಆ ಒಲೆಯ ಮುಂದೆ ನಿಂತೇ ಬೇಯಿಸಬೇಕೆಂಬುದು ಅವರಿಗೆ ಹೊಳೆದಿರಲಿಲ್ಲವೋ ಏನೋ. ಚಿಕ್ಕಸಿದ್ದಮ್ಮ ಅವರೆಕಾಯಿಯ ಸಿಪ್ಪೆಯನ್ನು ಅಂಗಳಕ್ಕೆ ಎಸೆದು, ಯಾರ ಮುಖವನ್ನೂ ನೋಡದೆ ಹೇಳಿದರು: "ನಿಂತ್ಕಂಡು ಬೇಯ್ಸಿದ್ ಅನ್ನ ಓಟ್ಲು ಅನ್ನ ಕಣಪ್ಪ. ಮನೆಯೋರು ತಿನ್ನೋದಲ್ಲ. ಒಲೆ ಮುಂದೆ ಬಗ್ಗಿ ಕೂತ್ಕಳಾಕೆ ಆಗ್ದಷ್ಟು ದೊಡ್ಡೋಳಾಗ್ಬುಟ್ಳಾ ಇವ್ಳು?"

ಆಗ ದೇವರಾಜು ಬುದ್ಧಿವಂತನಾದ. ಅವನಿಗೆ ಜಗಳ ಆಗದು. ಹುಣಸೂರಿನಲ್ಲಿ ನಾಲ್ಕಕ್ಷರ ಓದಿ ಬಂದ ಮೇಲೆ ಯಾವುದನ್ನೂ ಅರ್ಧರ್ಧ ಹಂಚಿ ಮುಗಿಸುವ ಅಭ್ಯಾಸ. "ನೋಡಪ್ಪ, ಇಂಗ್ ಮಾಡಿ. ಅವ್ವಂಗೆ ನಿಂತ್ಕಂಡು ಬೇಯ್ಸಾಕೆ ಕಿಟಕಿ ತಾವ ಎರಡು ಬಾಯಿ ಕಟ್ಟೆ. ಸಾರು, ಪಲ್ಯ, ಹಾಲು ಎಲ್ಲ ಅಲ್ಲೇ ಆಗ್ಲಿ. ಮುದ್ದೆಗೆ ಮಾತ್ರ ನೆಲದ ಮೇಲೆ ಒಂದು ಒಲೆ ಇರ್ಲಿ. ಇಟ್ಟು ಸುನಂದ ತೊಳಸ್ತಾಳೆ ಬುಡು" ಎಂದು ಹೆಂಡತಿಯ ಹೆಸರು ಹೇಳಿದ.

ಎಂಥ ಸಲೀಸು! ಪಟೇಲರು ಮೀಸೆ ತಿರುವಿ ಒಪ್ಪಿದರು. ಚಿಕ್ಕಸಿದ್ದಮ್ಮ ಮತ್ತೆ ಅವರೆಕಾಯಿ ಸುಲಿಯತೊಡಗಿದರು. ಗಯಾಸುದ್ದೀನ್ ಒಳಗೆ ಹೋಗಿ ಹಗ್ಗ ಹಿಡಿದು ಅಳೆಯುವ ಸದ್ದೂ ಕೇಳಿಸಿತು. ಸೋಮಮ್ಮನಿಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳು. ಮೈಯೆಲ್ಲ ಹಗುರವಾಗುವಂಥ ಸಂತೋಷ. ನಾಳೆಯಿಂದ ಒಲೆಯ ಮುಂದೆ ಕೂರಬೇಕಾಗಿಲ್ಲ, ಇನ್ನೆಂದೂ ಕವೆಗೋಲು ಮೆಟ್ಟಬೇಕಾಗಿಲ್ಲ, ಆ ಬಟ್ಟೆಯನ್ನು ಬಿಚ್ಚಿ ಎಸೆಯಬಹುದೋ ಏನೋ. ಕಾರಣ ಹೇಳದೆಯೇ ಗೆದ್ದೆನಲ್ಲ ಎಂಬ ಜಂಬವೂ ಸೇರಿಕೊಂಡಿತು. ತನ್ನ ಬಾಯಿಯ ಮಾತು ಆ ಮನೆಯಲ್ಲಿ ಅರ್ಧವಾದರೂ ನಡೆದದ್ದು ಯಾವ ಕಾಲಕ್ಕೆ? ಇದನ್ನು ಯಾರಿಗಾದರೂ ಹೇಳಬೇಕೆನಿಸಿ ಅವಳು ಹಿತ್ತಿಲಿಗೆ ನಡೆದಳು. ಹೇಳುವುದಕ್ಕೆ ಅಲ್ಲಿದ್ದವಳು ಸೊಸೆ ಸುನಂದ ಒಬ್ಬಳೇ.

ಅಡುಗೆಮನೆ ಬಿದ್ದಂದಿನಿಂದ ಅಡುಗೆಯೆಲ್ಲ ಹಿತ್ತಿಲ ನುಗ್ಗೇಮರದ ಕೆಳಗೆ, ಮೂರು ಕಲ್ಲಿನ ಮೇಲೆ. ಸುನಂದ ಬಾಣಂತನ ಮುಗಿಸಿ ತವರಿನಿಂದ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಬಂದ ಮೊದಲಲ್ಲಿ ಸೋಮಮ್ಮ ಅವಳನ್ನು ಸೌದೆಯ ಹತ್ತಿರವೂ ಬಿಟ್ಟವಳಲ್ಲ. ಆಮೇಲೆ ಒಂದು ದಿನ ತನಗೆ ಬಹಳ ಕಷ್ಟವಾದಾಗ, ಇವತ್ತೊಂದು ಹೊತ್ತು ತೊಳಸವ್ವ ಎಂದಳು. ಹುಡುಗಿ ಕೂತು, ಲಟಲಟ ತೊಳಸಿ, ಬೆಣ್ಣೆಯಂಥ ಮುದ್ದೆ ಕಟ್ಟಿಟ್ಟಳು. ಮಾರನೆಯ ದಿನ ಹೇಳಬೇಕಾಗಲೇ ಇಲ್ಲ. ಹೀಗೆ ಒಂದೊಂದು ಹೊತ್ತಾಗಿ ಮುದ್ದೆಕೋಲು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿತ್ತು, ಯಾರೂ ಅದನ್ನು ಕೊಟ್ಟೆ ಎನ್ನಲಿಲ್ಲ, ತೆಗೆದುಕೊಂಡೆ ಎನ್ನಲಿಲ್ಲ. ತಾನು ಬಂದಾಗಲೂ ಹಾಗೇ ಆಗಿತ್ತಲ್ಲ. ಅತ್ತೆಗೆ ಸೊಂಟನೋವು ಎಂದು ಒಂದು ಹೊತ್ತು ಹಿಡಿದ ಕೋಲು. ಅವರ ಸೊಂಟನೋವು ಆಮೇಲೆ ವಾಸಿಯಾಯಿತೇ ಇಲ್ಲವೇ ಎಂದು ಯಾರು ಕೇಳಿದರು?

ಸುನಂದ ಊದುಗೊಳವೆ ಕೆಳಗಿಟ್ಟು ಎಸರಿಗೆ ಇನ್ನೊಂದು ಚೆಂಬು ನೀರು ತರಲು ಎದ್ದಳು. ಏಳುವಾಗ ಒಂದು ಕೈ ನೆಲಕ್ಕೆ ಊರಿದಳು. ಇನ್ನೊಂದು ಕೈಯನ್ನು ಸೆರಗಿನೊಳಗೆ ಕಿಬ್ಬೊಟ್ಟೆಯ ಕೆಳಕ್ಕೆ ಒತ್ತಿಕೊಂಡಳು. ಒತ್ತಿಕೊಂಡು ಒಂದು ಗಳಿಗೆ ಹಾಗೇ ಬಗ್ಗಿ ನಿಂತು, ಏನೂ ಆಗದವಳಂತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಹಂಡೆಯ ಕಡೆ ನಡೆದಳು. ಸೋಮಮ್ಮ ನುಗ್ಗೇಮರದ ಬುಡದಲ್ಲೇ ನಿಂತಳು. ನೆರಿಗೆ ಸರಿಮಾಡಿಕೊಳ್ಳುವ ಆ ಸುಳ್ಳನ್ನು ಸೋಮಮ್ಮ ತಾನೇ ಯಾವತ್ತಿನಿಂದ ಆಡುತ್ತಿದ್ದಳೋ! ಈಗ ಅದನ್ನು ಬೇರೆಯವರ ಮೈಮೇಲೆ ನೋಡಿದಳು.

"ಸುನಂದ, ಯಾವಾಗ್ಲಿಂದ?"

"ಏನತ್ತೆ?"

"ನಂಗೆ ಗೊತ್ತದೆ ಕಣವ್ವ. ಕೈ ಒತ್ಕಂಡ್ಯಲ್ಲ. ಯಾವಾಗ್ಲಿಂದ?"

ಹುಡುಗಿ ಚೆಂಬನ್ನು ಎದೆಗೆ ಅವುಚಿಕೊಂಡಳು. ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ಇಲ್ಲಿಗ್ ಬಂದ್ಮೇಲೆ" ಎಂದಳು, ಕೇಳಿಸದಷ್ಟು ಮೆಲ್ಲಗೆ. "ಕೂತ್ಕಂಡು ತೊಳಸ್ದಾಗ್ಲೇ. ಬೇರೆ ಒತ್ತಿನಲ್ಲಿ ಏನಿಲ್ಲ. ನೀವು ಯಾರ್ಗೂ ಏಳ್ಬ್ಯಾಡಿ ಅತ್ತೆ. ಅವರ್ಗೆ ಏಳ್ಬ್ಯಾಡಿ."

ಅವರು ಎಂದರೆ ದೇವರಾಜು. ಅರ್ಧರ್ಧ ಹಂಚಿ ಮುಗಿಸುವ ದೇವರಾಜು. ಅವ್ವನಿಗೆ ಕಿಟಕಿ, ಹೆಂಡತಿಗೆ ನೆಲ. ಸೋಮಮ್ಮನಿಗೆ ಮೊದಲು ಸಿಟ್ಟು ಬಂದದ್ದು ಸುನಂದಳ ಮೇಲೆಯೇ, ಇವತ್ತೇ ಯಾಕೆ ಕಾಣಿಸಿಕೊಂಡೆ ಎಂದು. ಇನ್ನೂ ಸ್ವಲ್ಪ ಹೊತ್ತು ತಡೆದಿದ್ದರೆ ಕಟ್ಟೆ ಎದ್ದುಬಿಡುತ್ತಿತ್ತು. ಎದ್ದ ಮೇಲೆ ನೋಡಿದ್ದರೆ, ಅಯ್ಯೋ ಪಾಪ ಎಂದು ಹರಳೆಣ್ಣೆಯನ್ನೋ ಬಟ್ಟೆಯನ್ನೋ ಕೊಟ್ಟು ತನ್ನ ಕಿಟಕಿಯ ಮುಂದೆ ನಿಲ್ಲಬಹುದಿತ್ತು. ಅಂಥ ಯೋಚನೆ ತನ್ನ ತಲೆಯಲ್ಲಿ ಸಲೀಸಾಗಿ ಹುಟ್ಟಿದ್ದನ್ನು ಕಂಡು ಅವಳಿಗೆ ಅಸಹ್ಯವಾಯಿತು. ಅತ್ತೆಯೂ ಹೀಗೇ ಯೋಚಿಸಿರಬೇಕು. ಅತ್ತೆ ಕೆಟ್ಟವರಾಗಿರಲಿಲ್ಲ, ಅವರಿಗೂ ಒಂದು ಹೊತ್ತು ಕೂರದೆ ಇರುವುದು ಬೇಕಾಗಿತ್ತು, ಅಷ್ಟೇ. ಆ ಮನೆಯಲ್ಲಿ ಹೆಂಗಸಿಗೆ ಸಿಗುವ ಸುಖವೆಲ್ಲ ಇನ್ನೊಬ್ಬಳ ಮೈಯಿಂದ ಕಿತ್ತುಕೊಂಡದ್ದೇ ಏನು? ಸೋಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬೆಂದ್ಮೇಲೆ ಮಡಕೆ ಇಳಿಸ್ಬ್ಯಾಡ. ನನ್ನ ಕೂಗು" ಎಂದು ಹೇಳಿ, ಈ ಸಲ ಬಾಗಿಲ ಹಿಂದೆ ನಿಲ್ಲದೆ, ನೇರ ಜಗಲಿಗೇ ಹೋದಳು.

"ನೆಲದ ಒಲೆ ಬ್ಯಾಡ" ಎಂದಳು. "ಒಂದೂ ಬ್ಯಾಡ. ಮೂರೂ ಕಟ್ಟೆ ಮೇಲೇ ಆಗ್ಲಿ. ಇಟ್ಟೂ ಅಲ್ಲೇ."

ಪಟೇಲರಿಗೆ ಈಗ ನಗು ಬರಲಿಲ್ಲ. ಹೊರಗಿನವನೊಬ್ಬ ನಿಂತಿದ್ದಾನೆ, ಹೆಂಡತಿ ಜಗಲಿಗೆ ಬಂದಿದ್ದಾಳೆ, ಮುಗಿದ ಮಾತನ್ನು ಕೆದಕುತ್ತಿದ್ದಾಳೆ. "ಕೇಳಿದ್ದು ಕೊಟ್ಟಾಯ್ತಲ್ಲಮ್ಮಿ. ಇನ್ನೇನು ನಿನ್ ತಕರಾರು? ನೀನೇನ್ ತೊಳಸ್ಬೇಕಾ? ಸುನಂದ ತೊಳಸ್ತಾಳೆ ಅಂದ್ನಲ್ಲ."

"ಅವಳೂ ಕೂತ್ಕಂಡು ತೊಳಸಾಕಿಲ್ಲ."

"ಯಾಕಂತೆ?"

ಯಾಕೆ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತು. ಗಂಡನ ಮುಂದೆ, ಮಗನ ಮುಂದೆ, ಪರವೂರಿನ ಗಾರೆಯವನ ಮುಂದೆ. ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಚಿಕ್ಕಸಿದ್ದಮ್ಮ ಮೊರವನ್ನು ದಡಕ್ಕನೆ ಕೆಳಗೆ ಕುಕ್ಕಿ ಶುರುಮಾಡಿದರು: "ನಾನು ತೊಳಸ್ಲಿಲ್ವಾ? ನಮ್ಮತ್ತೆ ತೊಳಸ್ಲಿಲ್ವಾ? ಯಾರ್ ಕಾಲು ಮುರ್ದೋಯ್ತು? ಕೂತು ತೊಳ್ಸಿ ತೊಳ್ಸೀನೇ ಈ ಮನೆ ನಿಂತಿರೋದು!"

"ಮುರಿಯೋದು ಕಾಲಲ್ಲ ಅತ್ತೆಮ್ಮ" ಎಂದಳು ಸೋಮಮ್ಮ. "ಒಲೆ ಮುಂದಿಂದ ಏಳೋವಾಗ ನೀವು ಕೈ ಎಲ್ಲಿಗೆ ಒತ್ಕತಿದ್ರಿ ಅಂತ ನಾ ನೋಡಿಲ್ವಾ? ನಾನೂ ಅಲ್ಗೇ ಒತ್ಕಂಡೀವ್ನಿ, ಇಷ್ಟು ವರ್ಸ. ಈಗ ಈ ಮಗೂನೂ ಅಲ್ಗೇ ಒತ್ಕತಾಳೆ. ಅವಳ್ ಕೂಸಿಗೆ ಇನ್ನೂ ಕತ್ತು ನಿಂತಿಲ್ಲ."

ಚಿಕ್ಕಸಿದ್ದಮ್ಮ "ಥೂ, ನಾಚ್ಕೆಗೆಟ್ಟೋಳೆ" ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಗಯಾಸುದ್ದೀನ್ ತಾನು ಹೊದಿಸಿದ ಹೆಂಚುಗಳನ್ನು ಒಂದೊಂದಾಗಿ ನೋಡತೊಡಗಿದ. ದೇವರಾಜುವಿಗೆ ಎಷ್ಟು ಅರ್ಥವಾಯಿತೋ, ಕಿವಿ ಕೆಂಪಾಗಿ ಅಂಗಳಕ್ಕೆ ಇಳಿದುಹೋದ. ಪಟೇಲರು ಕಂಬದ ಗಂಟನ್ನು ಉಗುರಿನಿಂದ ಕೆರೆಯುತ್ತ ಕೂತರು. ಇದನ್ನು ಹೇಳಿದ ದಿನ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗುತ್ತದೆ ಎಂದು ಸೋಮಮ್ಮ ನಂಬಿಕೊಂಡಿದ್ದಳು. ಏನೂ ಆಗಲಿಲ್ಲ. ತಲೆ ತಗ್ಗಿಸಿದವರು ಅವರು. ಅವಳಿಗೆ ಹೊಟ್ಟೆ ಹಸಿಯುತ್ತಿತ್ತು.

"ಅದೆಲ್ಲ ಸರಿ" ಎಂದರು ಪಟೇಲರು, ಕಂಬಕ್ಕೇ ಹೇಳುವಂತೆ. "ನಿಂತ್ಕಂಡು ಇಟ್ಟು ಆಗಾಕಿಲ್ಲ. ಆಗ್ತದೆ ಅಂದ್ರೆ ತೊಳ್ಸಿ ತೋರ್ಸು. ಆಮೇಲೆ ಕಟ್ಲಿ."

ಸೋಮಮ್ಮ ಗಯಾಸುದ್ದೀನನ ಕಡೆ ತಿರುಗಿದಳು. ಕಿಟಕಿಯ ಕೆಳಗೆ ಗೋಡೆಗೆ ಒತ್ತಿ ಬರೀ ಇಟ್ಟಿಗೆ ಪೇರಿಸಲು ಹೇಳಿದಳು, ಗಾರೆ ಹಾಕದೆ. "ಎಷ್ಟು ಎತ್ರ ಅಮ್ಮಾರೇ?" ಎಂದು ಅವನು ಕೇಳಿದ್ದು ಅಭ್ಯಾಸಬಲದಿಂದ ಪಟೇಲರ ಕಡೆಗೆ ನೋಡಿಕೊಂಡೇ. ಹೆಂಗಸಿನ ಸೊಂಟವನ್ನು ಅವನು ಹಗ್ಗದಿಂದ ಅಳೆಯುವುದುಂಟೇ? ಸೋಮಮ್ಮ ಸುನಂದಳನ್ನು ಕೂಗಿ ಕರೆದಳು, ಗೋಡೆಗೆ ಬೆನ್ನುಹಾಕಿಸಿ ನಿಲ್ಲಿಸಿದಳು, ಒಲೆಯಿಂದ ತಂದ ಇದ್ದಲಿನ ಚೂರಿನಿಂದ ಅವಳ ಸೊಂಟಕ್ಕಿಂತ ಗೇಣು ಕೆಳಗೆ ಗೋಡೆಯ ಮೇಲೆ ಗೆರೆ ಎಳೆದಳು. ಸುನಂದ ಅವಳಿಗಿಂತ ಗಿಡ್ಡ. ತನ್ನ ಬೆನ್ನಿಗೆ ಆ ಗೆರೆ ತಗ್ಗಾಗುತ್ತದೆಂದು ಸೋಮಮ್ಮನಿಗೆ ಗೊತ್ತಿತ್ತು. ಆಗಲಿ, ತಾನು ಇನ್ನೆಷ್ಟು ವರ್ಷ ಬೇಯಿಸುವುದು.

ಬೆಂದ ಹಿಟ್ಟಿನ ಮಡಕೆಯನ್ನು ಅತ್ತೆ ಸೊಸೆ ಇಬ್ಬರೂ ಒದ್ದೆ ಬಟ್ಟೆಯಲ್ಲಿ ಹಿಡಿದು ತಂದು ಇಟ್ಟಿಗೆಯ ಮೇಲಿಟ್ಟರು. ಗೋಡೆಯಲ್ಲಿ, ಕಟ್ಟುವಾಗ ಹತ್ತಿ ನಿಲ್ಲುವ ಸಾರುವೆಯ ಬೊಂಬು ಕೂರಿಸಿದ್ದ ತೂತೊಂದನ್ನು ಗಯಾಸುದ್ದೀನ್ ಇನ್ನೂ ಮುಚ್ಚಿರಲಿಲ್ಲ. ಸೋಮಮ್ಮ ಕವೆಗೋಲಿನ ಬುಡವನ್ನು ಅದಕ್ಕೆ ತುರುಕಿ, ಕವೆಯನ್ನು ಮಡಕೆಯ ಕತ್ತಿಗೆ ಕೊಟ್ಟು, ಮುದ್ದೆಕೋಲು ಹಿಡಿದಳು. ಹೊಸ್ತಿಲಾಚೆ ಪಟೇಲರು ಬಂದು ನಿಂತರು. ಕಾಲ ಕೆಳಗೆ ಮೆಟ್ಟಿಕೊಳ್ಳಲು ಏನೂ ಇರಲಿಲ್ಲ. ಕಾಲು ಸುಮ್ಮನೆ ನೆಲದ ಮೇಲಿತ್ತು. ಕಾಲಿಗೆ ಕೆಲಸವಿಲ್ಲದೆ ಕೈ ಗಾಬರಿಯಾಯಿತು. ಮೊದಲ ಸುತ್ತಿಗೇ ಮಡಕೆ ಕವೆಯೊಳಗೆ ಗಿರಕ್ಕನೆ ತಿರುಗಿ ಗೋಡೆಗೆ ಬಡಿದು ಬಾಯಂಚಿನ ಒಂದು ಚೂರು ಹಾರಿತು. ಪಟೇಲರು "ಹ್ಞಾಂ!" ಎಂದರು. ಅವಳು ತಿರುಗಿ ನೋಡಲಿಲ್ಲ. ಒಂದಷ್ಟು ಹಿಟ್ಟು ಇಟ್ಟಿಗೆಯ ಮೇಲೆ ಚೆಲ್ಲಿತು, ಕೈಮೇಲೂ ಬಿತ್ತು, ಚುರ್ ಎಂದಿತು. ಸುನಂದ ಒದ್ದೆ ಬಟ್ಟೆ ಸುತ್ತಿದ ಕೈಯಿಂದ ಮಡಕೆಯ ಅಂಚನ್ನು ಹಿಡಿದುಕೊಂಡಳು. ಸೋಮಮ್ಮ ಕೋಲಿನ ಮೇಲೆ ಬಗ್ಗಿ ಮತ್ತೆ ಭಾರ ಬಿಟ್ಟಳು, ಈ ಸಲ ತೋಳಿನಿಂದ, ಬೆನ್ನಿನಿಂದ. ಹಿಟ್ಟು ಹದಕ್ಕೆ ಬರಲು ಒಲ್ಲೆನೆಂದಿತು. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಒಣ ಪುಡಿಯ ಉಂಡೆ. ಇಷ್ಟು ವರ್ಷದ ಅವಳ ಹೆಸರು ಆ ಮಡಕೆಯಲ್ಲಿ ಎಲ್ಲರ ಕಣ್ಣೆದುರಿಗೆ ಕೆಡುತ್ತಿತ್ತು. ಕೆಡಲಿ ಎಂದುಕೊಂಡಳು, ಹಲ್ಲು ಕಚ್ಚಿಕೊಂಡು. ಬೆವರು ಹುಬ್ಬಿಗಿಳಿಯಿತು. ತಲೆ ಎತ್ತಿದಾಗ ಕಿಟಕಿಯಾಚೆ ನುಗ್ಗೇಮರ, ಅದರಾಚೆ ರಾಗಿ ಕೊಯ್ದ ಹೊಲ, ಹೊಲದಲ್ಲಿ ಯಾರದೋ ಎಮ್ಮೆ ಕಾಣಿಸಿತು. ಒಳಗೆ ಏನೂ ಜಾರಲಿಲ್ಲ. ಅವಳು ಕಾದು ನೋಡಿದಳು, ಇನ್ನೂ ಒಂದು ಸುತ್ತು ಜೋರಾಗಿ ತಿರುವಿ ನೋಡಿದಳು. ಜಾರಲಿಲ್ಲ.

ಊಟಕ್ಕೆ ಬಹಳ ತಡವಾಗಿತ್ತು. ನಡುಮನೆಯಲ್ಲಿ ಪಟೇಲರು, ದೇವರಾಜು, ಒಂದು ಕಡೆ ಚಿಕ್ಕಸಿದ್ದಮ್ಮ ಕೂತಿದ್ದರು. ಗಯಾಸುದ್ದೀನ್ ಮನೆಯಿಂದ ತಂದ ರೊಟ್ಟಿಯನ್ನು ಹಿತ್ತಿಲ ಕಟ್ಟೆಯಲ್ಲಿ ತಿಂದು ಆಗಲೇ ಒಳಗೆ ಕರಣೆ ಹಿಡಿದಿದ್ದ. ಸೋಮಮ್ಮ ನಿಂತೇ ಬಡಿಸಿದಳು. ತಟ್ಟೆಗೆ ಬಿದ್ದ ಮುದ್ದೆಗಳು ಉರುಟಾಗಿರಲಿಲ್ಲ, ಮೈಯೆಲ್ಲ ಉಬ್ಬುತಗ್ಗು. ಪಟೇಲರು ಒಂದು ತುಣುಕು ಮುರಿದು, ಅವರೆಕಾಳಿನ ಸಾರಿನಲ್ಲಿ ಅದ್ದಿ, ರೂಢಿಯಂತೆ ನುಂಗಲು ಹೋಗಿ, ಗಂಟಲಲ್ಲಿ ತಡೆದು, ಕೆಮ್ಮಿ ನೀರು ಕುಡಿದರು.

"ಗಂಟದೆ" ಎಂದರು.

"ಅದೆ" ಎಂದಳು ಸೋಮಮ್ಮ. "ಕೈ ಕಲಿಯೋಗಂಟ ಇರ್ತದೆ. ನಾಳೆನೂ ಇರ್ತದೆ. ಅಗಿದು ತಿನ್ನಿ."

ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೊಳಸಲು ಈ ಮನೆಯಲ್ಲಿ ಇನ್ನು ಯಾರೂ ಇಲ್ಲ ಎಂಬುದನ್ನು ಅವಳು ಬಿಡಿಸಿ ಹೇಳಲಿಲ್ಲ. ಪಟೇಲರು ಹೆಂಡತಿಯ ಮುಖ ನೋಡಿದರು, ತಾಯಿಯ ಕಡೆ ನೋಡಿದರು. ಚಿಕ್ಕಸಿದ್ದಮ್ಮನಿಗೆ ಅಗಿಯಲು ಹಲ್ಲೇ ಇರಲಿಲ್ಲ. ಅವರು ಮುದ್ದೆಯನ್ನು ಬೆರಳಿನಿಂದ ಹಿಸುಕಿ, ಗಂಟುಗಳನ್ನು ಒಂದೊಂದಾಗಿ ಆರಿಸಿ ತಟ್ಟೆಯಂಚಿಗೆ ಸಾಲಾಗಿ ಇಟ್ಟು, ಉಳಿದದ್ದನ್ನು ನುಂಗುತ್ತಿದ್ದರು. ಯಾರ ಮುಖವನ್ನೂ ನೋಡದೆ, "ಎಸರು ಇನ್ನೊಸಿ ಜಾಸ್ತಿ ಇಡ್ಬೇಕಾಗಿತ್ತು" ಎಂದರು. ಅಷ್ಟೇ. ಪಟೇಲರಿಗೂ ಹಸಿವಾಗಿತ್ತು. ಅವರು ಇನ್ನೊಂದು ತುಣುಕನ್ನು ಬಾಯಿಗಿಟ್ಟುಕೊಂಡು, ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ನೋಡಿ, ಮೆಲ್ಲಗೆ ಅಗಿಯತೊಡಗಿದರು.

ಒಳಗಿನಿಂದ ಗಯಾಸುದ್ದೀನ್ ಕೂಗಿದ: "ಪಟೇಲ್ರೇ, ಏನ್ ಮಾಡ್ಲಿ? ಗೋಡೆ ಮೇಲಿನ್ ಗೆರೆಗೇ ಕಟ್ಲಾ?"

ಪಟೇಲರ ಬಾಯಿ ತುಂಬ ಮುದ್ದೆಯಿತ್ತು. ಅವರು ಉತ್ತರಕ್ಕೆಂದು ಕೈ ಎತ್ತಿದರು. ದವಡೆ ಆಡುತ್ತಲೇ ಇತ್ತು.

"ಗೆರೆಗೇ ಕಟ್ಟಿ" ಎಂದಳು ಸೋಮಮ್ಮ.